ಕಾರಿನ ಗುಡುಗೂ ದೊಡ್ಡಮ್ಮನ ಪದವೂ

ನಿವೃತ್ತನಾದ ಮೇಷ್ಟರಿಗೆ ಕಾರಿನ ಸ್ಪೀಕರುಗಳ ಗೊಡವೆ ಏಕೆಂದು ನೆಂಟರಿಷ್ಟರು ಕೇಳಬಹುದು. ನನ್ನ ಬಳಿ ಕಾರಿಲ್ಲ; ಓಡಿಸಲು ಕಲಿತವನೂ ಅಲ್ಲ. ಆದರೆ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನಿಗೆ, ಪ್ರತಿವರ್ಷವೂ ಶ್ರುತಿಕವೆಯನ್ನು ರಬ್ಬರಿಗೆ ತಟ್ಟಿ ಹುಡುಗರ ಕಿವಿಯ ಬಳಿ ಹಿಡಿದವನಿಗೆ, ಶಬ್ದದ ವಿಷಯದಲ್ಲಿ ಒಂದು ಅಭಿಪ್ರಾಯ ಹೇಳುವ ಸಲಿಗೆಯಾದರೂ ಉಂಟೆಂದು ಭಾವಿಸಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಕಳೆದ ವರ್ಷ ದೀಪಾವಳಿಯ ಜಾತ್ರೆ ಕಳೆದ ಮೇಲೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗಿಬಂದಾಗ ನಡೆದ ಒಂದು ಸಂಗತಿಯನ್ನು ನನ್ನ ಬಂಧುಗಳಿಗೆ ತಿಳಿಸಬೇಕಾಗಿದೆ. ಆ ಪ್ರಯಾಣದಲ್ಲಿ ನನ್ನದೊಂದು ಹಳೆಯ ಅಭಿಪ್ರಾಯ ತಪ್ಪೆಂದೂ ತಿಳಿಯಿತು. ಅದನ್ನೂ ಒಪ್ಪಿಕೊಳ್ಳಬೇಕಾಗಿದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಕೊಳ್ಳೇಗಾಲದಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದಾನೆ. ಹೊಸ ಕಾರು ಕೊಂಡವನು ಯಳಂದೂರಿನ ನಮ್ಮ ಮನೆಯ ಬಾಗಿಲಿಗೇ ತಂದು ನಿಲ್ಲಿಸಿ, "ಸಾ, ಬೆಟ್ಟಕ್ಕೆ ಹೊಂಟಿವಿ. ನೀವೂ ಬರ್ಬೇಕು, ಅಕ್ಕಾವ್ರನ್ನೂ ಕರ್ಕೊಳಿ" ಎಂದ. ಅವನು ಅಕ್ಕಾವ್ರು ಎಂದದ್ದು ನನ್ನ ತಂಗಿಯನ್ನು. ಅವಳು ಆ ವಾರ ನಮ್ಮ ಮನೆಯಲ್ಲಿಯೇ ಇದ್ದಳು. ಅವನು, ಐದನೆಯ ತರಗತಿಯಲ್ಲಿ ಓದುವ ಅವನ ಮಗಳು, ನಾವಿಬ್ಬರು, ಹೀಗೆ ನಾಲ್ವರು ಹೊರಟೆವು.

ಬಳೆಮಂಟಪದ ರಸ್ತೆ ದಾಟುವ ಮೊದಲೇ ಅವನು ಹಾಡು ಹಾಕಿದ. ಬಾಗಿಲುಗಳಲ್ಲಿ ನಾಲ್ಕು ಸ್ಪೀಕರು, ಮುಂದಿನ ಗಾಜಿನ ಎರಡು ಮೂಲೆಗಳಲ್ಲಿ ಗೋಲಿಯಷ್ಟು ದೊಡ್ಡ ಟ್ವೀಟರುಗಳು, ಸೀಟಿನ ಕೆಳಗೆ ಆಂಪ್ಲಿಫೈಯರು, ಡಿಕ್ಕಿಯಲ್ಲಿ ಹನ್ನೆರಡು ಅಂಗುಲದ ಸಬ್‌ವೂಫರಿನ ಪೆಟ್ಟಿಗೆ. ಎಲ್ಲ ಸೇರಿ ನಲವತ್ತು ಸಾವಿರ ರೂಪಾಯಿ ಆಯಿತೆಂದು ಸಂತೋಷದಿಂದಲೇ ಹೇಳಿದ. ಅವನು ಹಾಕಿದ್ದು ಮಾದಪ್ಪನ ಜನಪದ ಗೀತೆಯನ್ನು. 2021ರಲ್ಲಿ ತೆರೆಕಂಡ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಬಳಕೆಯಾದಂದಿನಿಂದ ಅದು ನಾಡಿನ ಮೂಲೆಮೂಲೆಯ ಕಾರುಗಳಲ್ಲಿಯೂ ಕೇಳಿಬರುತ್ತಿದೆ. ನಮ್ಮ ಬೆಟ್ಟದ ಹಾಡು ನಾಡಿನ ಹಾಡಾಯಿತೆಂದು ನನಗೂ ಹೆಮ್ಮೆಯೇ. ಆದರೆ ಅಂದು ಆ ಕಾರಿನಲ್ಲಿ ನನಗೆ ಹಾಡು ಕೇಳಿಸಲಿಲ್ಲ. ಡಿಕ್ಕಿಯ ಕಡೆಯಿಂದ ಒಂದೇ ಸಮನೆ ಗುಡುಗು. ಹಿಂದಿನ ನಂಬರ್ ಪ್ಲೇಟು ಗಡಗಡ ನಡುಗುತ್ತಿತ್ತು. ಹಾಡುವವರ ದನಿ ಗುಡಾಣದೊಳಗಿನಿಂದ ಬಂದಂತಿತ್ತು. "ಪದ ಒಂದೂ ತಿಳೀದಲ್ಲ ಅಣ್ಣ" ಎಂದು ತಂಗಿ ನನ್ನ ಕಿವಿಯಲ್ಲಿ ಹೇಳಿದ್ದು ಕೂಡ ನನಗೆ ಎರಡನೆಯ ಸಲಕ್ಕೆ ಕೇಳಿಸಿತು.

ನನ್ನ ಹಳೆಯ ಅಭಿಪ್ರಾಯ ಇಲ್ಲಿ ಹೊರಬಂತು. "ಅಪ್ಪಾ, ಆ ಡಿಕ್ಕಿಯ ಪೆಟ್ಟಿಗೆಯನ್ನು ಕಿತ್ತು ಮಾರಿಬಿಡು. ಅದು ಸಂಗೀತವಲ್ಲ, ಗಲಾಟೆ" ಎಂದೆ. ಅವನು ಮುಖ ಚಿಕ್ಕದು ಮಾಡಿಕೊಂಡು ದನಿ ತಗ್ಗಿಸಿದ. ದನಿ ತಗ್ಗಿಸಿದರೂ ಪದಗಳು ಸ್ಪಷ್ಟವಾಗಲಿಲ್ಲ. ಗುಡುಗು ಸಣ್ಣದಾಯಿತು, ಪದವೂ ಅದರ ಜೊತೆಗೆ ಸಣ್ಣದಾಯಿತು.

ನನ್ನ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿದ್ದುದು ನಮ್ಮ ದೊಡ್ಡಮ್ಮನ ದನಿ. ಬಂಧುಗಳಲ್ಲಿ ಹಲವರಿಗೆ ಆ ಕ್ಯಾಸೆಟ್ಟಿನ ಕಥೆ ಗೊತ್ತು. ತಾಯಿ ತೀರಿಕೊಂಡ ಮರುವರ್ಷ, ಶಾಲೆಯ ಟೇಪ್ ರೆಕಾರ್ಡರನ್ನು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮನೆಗೆ ತಂದು, ನಡುಮನೆಯಲ್ಲಿ ದೊಡ್ಡಮ್ಮನನ್ನು ಕೂರಿಸಿ ಅವಳು ಹಾಡುತ್ತಿದ್ದ ಮಾದಪ್ಪನ ಪದಗಳನ್ನು ಒಂದು ಕ್ಯಾಸೆಟ್ಟಿನ ಎರಡೂ ಬದಿಗೆ ತುಂಬಿಸಿದ್ದೆ. ಅವಳು ಓದುಬರಹ ಬಲ್ಲವಳಲ್ಲ. ಅವಳಿಗೆ ಬರುತ್ತಿದ್ದ ಪದಗಳಲ್ಲಿ ಇಂದು ಉಳಿದಿರುವುದು ಆ ಒಂದು ಗಂಟೆಯಷ್ಟೇ. ಕ್ಯಾಸೆಟ್ಟು ಹಾಳಾಗುವ ಮುನ್ನ ಸೋದರಳಿಯ ಅದನ್ನು ಕಂಪ್ಯೂಟರಿಗೆ ಇಳಿಸಿ ಕೊಟ್ಟಿದ್ದ. ಬೆಟ್ಟ ಹತ್ತುವಾಗ ಅದನ್ನು ಕೇಳಬೇಕೆಂಬುದು ತಂಗಿಯ ಆಸೆಯಾಗಿತ್ತು.

ಹನೂರು ದಾಟಿದ ಮೇಲೆ ಅದನ್ನು ಹಾಕಿಸಿದೆವು. ಒಡನೆಯೇ 'ಗುಂಯ್' ಎಂಬ ಒಂದು ನಾದ ಕಾರನ್ನೆಲ್ಲ ತುಂಬಿತು. ದೊಡ್ಡಮ್ಮ ಎಲ್ಲೋ ದೂರದಲ್ಲಿ, ದುಂಬಿಗಳ ಗೂಡಿನ ಆಚೆಗೆ ನಿಂತು ಹಾಡಿದಂತಿತ್ತು. ತಂಗಿ ಸ್ವಲ್ಪ ಹೊತ್ತು ಕೇಳಿ, "ಬೇಡ, ನಿಲ್ಲಿಸಪ್ಪ" ಎಂದಳು. ಅವಳ ಮುಖ ನೋಡಿ ಹುಡುಗನಿಗೂ ಬೇಸರವಾಯಿತು. ಕೌದಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ, "ಸಾ, ಇದರೊಳಗ ಏನೇನೋ ಸೆಟ್ಟಿಂಗ್ ಅದ. ಅಂಗಡಿಯವ್ರು ಮಾಡ್ಕೊಟ್ಟಂಗೇ ಬಿಟ್ಟಿವ್ನಿ. ನೀವು ಒಂದ್ಸಲ ನೋಡಿ" ಎಂದ. ಹೀಗೆ ಅರವತ್ತು ದಾಟಿದ ಮೇಷ್ಟರು ಕಾರಿನ ಕ್ರಾಸ್‌ಓವರನ್ನು ಪರೀಕ್ಷಿಸುವ ಪ್ರಸಂಗ ಒದಗಿತು.

ಕ್ರಾಸ್‌ಓವರ್ ಎಂದರೇನೆಂಬುದನ್ನು ನನ್ನ ತರಗತಿಯಲ್ಲಿ ಹೇಳುತ್ತಿದ್ದ ರೀತಿಯಲ್ಲಿಯೇ ಹೇಳುತ್ತೇನೆ. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಇಷ್ಟು ಅಗಲದ ಸೀಮೆಯನ್ನು ಒಂದೇ ಸ್ಪೀಕರು ಚೆನ್ನಾಗಿ ನುಡಿಸಲಾರದು. ಕೆಳಗಿನ ಸ್ವರಗಳಿಗೆ ಬಹಳ ಗಾಳಿಯನ್ನು ನೂಕಬೇಕು. ಒಂದೇ ಗಟ್ಟಿತನದ ಶಬ್ದ ಬರಬೇಕಾದರೆ ಕಂಪನಸಂಖ್ಯೆ ಅರ್ಧಕ್ಕಿಳಿದಾಗ ಸ್ಪೀಕರಿನ ಕಾಗದದ ಬುಟ್ಟಿ ನಾಲ್ಕು ಪಟ್ಟು ಹೆಚ್ಚು ಹಿಂದುಮುಂದಾಗಬೇಕು. ಆದ್ದರಿಂದ ಆ ಕೆಲಸಕ್ಕೆ ದೊಡ್ಡ ಸ್ಪೀಕರು ಬೇಕು. ಮೇಲಿನ ಸ್ವರಗಳಿಗೆ ಸಾವಿರಾರು ಸಲ ಚುರುಕಾಗಿ ಅದುರುವ ಹಗುರವಾದ ಸಣ್ಣ ಸ್ಪೀಕರು ಬೇಕು. ಬಂದ ಶಬ್ದವನ್ನು ವಿಂಗಡಿಸಿ, ತಗ್ಗಿನದನ್ನು ದೊಡ್ಡದಕ್ಕೂ, ನಡುವಿನದನ್ನು ಬಾಗಿಲಿನದಕ್ಕೂ, ಮೇಲಿನದನ್ನು ಟ್ವೀಟರಿಗೂ ಹಂಚುವ ಮಂಡಲವೇ ಕ್ರಾಸ್‌ಓವರ್. ಅದರ ಸರಳವಾದ ರೂಪವನ್ನು ಟ್ವೀಟರಿನ ತಂತಿಯಲ್ಲಿಯೇ ನೋಡಬಹುದು: ಒಂದು ಪುಟ್ಟ ಕೆಪಾಸಿಟರು. ತಗ್ಗಿನ ಕಂಪನಗಳಿಗೆ ಅದು ಹೆಚ್ಚು ತಡೆಯೊಡ್ಡುತ್ತದೆ, ಮೇಲಿನವನ್ನು ಬಿಡುತ್ತದೆ. 4 ಓಮ್‌ನ ಟ್ವೀಟರಿಗೆ ಸುಮಾರು 8 ಮೈಕ್ರೋಫ್ಯಾರಡ್ ಹಾಕಿದರೆ ಗಡಿ 5000 ಹರ್ಟ್ಸ್ ಹತ್ತಿರ ಬೀಳುತ್ತದೆ. ಹತ್ತನೆಯ ತರಗತಿ ಮುಗಿಸಿ ವಿಜ್ಞಾನ ವಿಭಾಗಕ್ಕೆ ಹೋದ ನನ್ನ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಬಹುದು.

ಈ ಗಡಿ ಗೋಡೆಯಂಥದಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಸೀಮೆಯಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಯಳಂದೂರು ಮೈಸೂರಿಗೆ ಸೇರಿತ್ತು. ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಕ್ಷೆಯಲ್ಲಿ ಗೆರೆ ಇತ್ತು. ಆದರೆ ಆ ಗೆರೆಯನ್ನು ದಾಟಿದೊಡನೆ ಕನ್ನಡ ನಿಂತು ತಮಿಳು ಶುರುವಾಗುತ್ತಿರಲಿಲ್ಲ. ಒಂದು ಮೆಲ್ಲಗೆ ತಗ್ಗುತ್ತ ಹೋಗುತ್ತದೆ, ಇನ್ನೊಂದು ಮೆಲ್ಲಗೆ ಏರುತ್ತ ಬರುತ್ತದೆ. ಸ್ಪೀಕರುಗಳ ಗಡಿಯೂ ಹಾಗೆಯೇ. ಎಷ್ಟು ಬೇಗ ತಗ್ಗಬೇಕೆಂಬುದನ್ನು ಇಳಿಜಾರು ಎನ್ನುತ್ತಾರೆ. ಅಷ್ಟಮಕ್ಕೆ 12 ಡೆಸಿಬೆಲ್ ಎಂದಿದ್ದರೆ, ಗಡಿಯಿಂದ ಒಂದು ಅಷ್ಟಮ ಆಚೆಗೆ ಶಕ್ತಿ ಸುಮಾರು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. 24 ಎಂದಿದ್ದರೆ ಇನ್ನೂ ಕಡಿದಾದ ಇಳಿಜಾರು, ಸುಮಾರು ಇನ್ನೂರೈವತ್ತನೆಯ ಒಂದು ಭಾಗ.

ಈಗ ಆ ಹುಡುಗನ ಕಾರಿನಲ್ಲಿ ಕಂಡದ್ದೇನು? ಪರದೆಯ ಮೇಲೆ ಎಚ್‌ಪಿಎಫ್ ಎಂಬುದನ್ನು ಪೂರ್ತಿ ಆಫ್ ಮಾಡಲಾಗಿತ್ತು. ಅಂದರೆ ಬಾಗಿಲಿನ ಆರೂವರೆ ಅಂಗುಲದ ಸ್ಪೀಕರುಗಳು ತಮ್ಮ ಶಕ್ತಿಗೆ ಮೀರಿದ ತಗ್ಗಿನ ಸ್ವರಗಳನ್ನೂ ಹೊರಲು ಹೆಣಗುತ್ತಿದ್ದವು. ಸೀಟಿನ ಕೆಳಗಿನ ಆಂಪ್ಲಿಫೈಯರಿನಲ್ಲಿ ಸಬ್‌ವೂಫರಿನ ಎಲ್‌ಪಿಎಫ್ ತಿರುಗುಗುಂಡಿಯನ್ನು 250 ಹರ್ಟ್ಸ್ ಎಂಬ ಕೊನೆಯ ಗುರುತಿನವರೆಗೆ ತಿರುಗಿಸಿಡಲಾಗಿತ್ತು. ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ 100 ಹರ್ಟ್ಸ್ ಸುತ್ತಮುತ್ತ, ಹೆಂಗಸಿನದು 200ರ ಸುತ್ತಮುತ್ತ ಇರುತ್ತದೆ. ಅಂದರೆ ಹಾಡುವವರ ಕಂಠದ ಬುಡವನ್ನೆಲ್ಲ ಡಿಕ್ಕಿಯ ಪೆಟ್ಟಿಗೆಯೂ ನುಡಿಯುತ್ತಿತ್ತು, ಬಾಗಿಲೂ ನುಡಿಯುತ್ತಿತ್ತು. ಗುಡಾಣದೊಳಗಿನ ದನಿ ಎಂದೆನಲ್ಲ, ಅದರ ಕಾರಣ ಇದು. ಇದರ ಮೇಲೆ ಬಾಸ್ ಬೂಸ್ಟ್ ಎಂಬ ಗುಂಡಿಯೂ ಕೊನೆಯವರೆಗೆ ತಿರುಗಿತ್ತು. ಒಂದೊಂದು ಗುಂಡಿಯನ್ನೂ 'ಹೆಚ್ಚು' ಎಂಬ ಕಡೆಗೆ ತಿರುಗಿಸಿದ್ದರೇ ಹೊರತು ಯಾರೂ ಕೂತು ಕೇಳಿದಂತಿರಲಿಲ್ಲ.

ಎಚ್‌ಪಿಎಫ್, ಎಲ್‌ಪಿಎಫ್ ಎಂಬ ಹೆಸರುಗಳು ಗೊಂದಲ ತರುತ್ತವೆ. ಹೈ ಪಾಸ್ ಎಂದರೆ ಮೇಲಿನದನ್ನು ಬಿಡುವ ಜರಡಿ; ಅದು ಬಾಗಿಲಿನ ಸ್ಪೀಕರಿಗೆ. ಲೋ ಪಾಸ್ ಎಂದರೆ ಕೆಳಗಿನದನ್ನು ಬಿಡುವ ಜರಡಿ; ಅದು ಸಬ್‌ವೂಫರಿಗೆ. ಎರಡನ್ನೂ 80 ಹರ್ಟ್ಸ್‌ಗೆ, 12 ಡೆಸಿಬೆಲ್ ಇಳಿಜಾರಿಗೆ ತಂದೆವು. ಬಾಸ್ ಬೂಸ್ಟನ್ನು ಸೊನ್ನೆಗೆ ಇಳಿಸಿದೆವು. ಪರದೆಯಲ್ಲಿಯೂ ಸಬ್‌ವೂಫರಿಗೆ ಇನ್ನೊಂದು ಲೋ ಪಾಸ್ ಇತ್ತು. ಒಂದೇ ಶಬ್ದವನ್ನು ಎರಡು ಸಲ ಜರಡಿ ಹಿಡಿದರೆ ಇಳಿಜಾರು ಎಣಿಸಿದ್ದಕ್ಕಿಂತ ಕಡಿದಾಗುತ್ತದೆ, ಕಾಲದ ಹೊಂದಿಕೆಯೂ ಕೆಡುತ್ತದೆ. ಆದ್ದರಿಂದ ಆಂಪ್ಲಿಫೈಯರಿನದನ್ನು ಮಾತ್ರ ಉಳಿಸಿಕೊಂಡು ಪರದೆಯದನ್ನು ಆಫ್ ಮಾಡಿದೆವು.

ಮತ್ತೆ ಅದೇ ಮಾದಪ್ಪನ ಹಾಡು ಹಾಕಿದ. ಈ ಬಾರಿ ಪದಗಳು ಮುಂದಿನ ಗಾಜಿನ ಕಡೆಯಿಂದ, ನಮ್ಮೆದುರಿಗೆ ಕೂತು ಹೇಳಿದಂತೆ ಬಂದವು. ನಾನು ಗೆದ್ದೆನೆಂದುಕೊಂಡೆ. ಹುಡುಗ ಮಾತ್ರ ಪೆಚ್ಚಾಗಿ, "ಬಾಸೇ ಹೊಂಟೋಯ್ತಲ್ಲ ಸಾ" ಎಂದ. ಅವನ ಮಾತು ನಿಜವಾಗಿತ್ತು. ತಮಟೆಯ ಪೆಟ್ಟಿಗೆ ಬೆನ್ನೆಲುಬೇ ಇರಲಿಲ್ಲ. ಆಂಪ್ಲಿಫೈಯರಿನ ಮೇಲೆ ಫೇಸ್ ಎಂಬ ಸಣ್ಣ ಸ್ವಿಚ್ಚಿತ್ತು. ಸೊನ್ನೆ ಅಥವಾ 180 ಡಿಗ್ರಿ. 12 ಡೆಸಿಬೆಲ್ ಇಳಿಜಾರಿನ ಎರಡು ಜರಡಿಗಳು ಸೇರುವ ಗಡಿಯಲ್ಲಿ ಒಂದು ಸ್ಪೀಕರು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಸೆಳೆಯುವ ಸಂಭವವಿರುತ್ತದೆ. ಎರಡೂ ದುಡಿದರೂ ಫಲ ಸೊನ್ನೆ. ಒಂದೇ ಬಂಡಿಗೆ ಕಟ್ಟಿದ ಎರಡು ಎತ್ತು ಬೇರೆ ಬೇರೆ ದಿಕ್ಕಿಗೆ ಎಳೆದ ಹಾಗೆ. ಕಾರಿನಲ್ಲಿ ದೂರಗಳೂ ಬೇರೆ ಬೇರೆ ಇರುವುದರಿಂದ ಕಾಗದದ ಲೆಕ್ಕ ಸಾಲದು, ಎರಡೂ ಬಗೆಯಲ್ಲಿ ಕೇಳಿಯೇ ನಿರ್ಧರಿಸಬೇಕು. ಸ್ವಿಚ್ಚನ್ನು ಆಚೆ ಕಡೆಗೆ ಸರಿಸಿದ ಕೂಡಲೇ ತಮಟೆ ಮರಳಿ ಬಂತು. ಅದು ಡಿಕ್ಕಿಯಿಂದಲ್ಲ, ಹಾಡಿನ ಜೊತೆಯಲ್ಲಿಯೇ ಮುಂದಿನಿಂದ ಬಂದಂತೆ ತೋರಿತು. 80 ಹರ್ಟ್ಸ್ ಶಬ್ದದ ಅಲೆ ನಾಲ್ಕು ಮೀಟರಿಗಿಂತ ಉದ್ದ. ಅಷ್ಟು ಉದ್ದದ ಅಲೆ ಯಾವ ದಿಕ್ಕಿನಿಂದ ಬಂತೆಂದು ನಮ್ಮ ಕಿವಿ ಸುಲಭವಾಗಿ ಹೇಳಲಾರದು. ಪೆಟ್ಟಿಗೆ ಹಿಂದಿದ್ದರೂ ಅದು ತನ್ನ ಸೀಮೆಯೊಳಗೆ ಇದ್ದರೆ ನಮಗೆ ಮುಂದಿನದೇ ಅನಿಸುತ್ತದೆ.

ನಾನು ಪರೀಕ್ಷೆಗೆಂದು ಸಬ್‌ವೂಫರನ್ನು ಪೂರ್ತಿ ಆರಿಸಿಯೂ ನೋಡಿದೆ. ಪದ ಸ್ಪಷ್ಟವೇ, ಆದರೆ ಹಾಡು ಬಡಕಲಾಯಿತು. ಬಾಗಿಲಿನ ಸ್ಪೀಕರಿಗೆ ತಗ್ಗಿನ ಭಾರವನ್ನು ಮತ್ತೆ ಹೊರಿಸಿದರೆ ಬಾಗಿಲಿನ ತಗಡು ಕರಕರ ಎನ್ನತೊಡಗಿತು. ನನ್ನ ಹಳೆಯ ಅಭಿಪ್ರಾಯ ಇಲ್ಲಿ ಮುರಿದುಬಿತ್ತು. ಡಿಕ್ಕಿಯ ಪೆಟ್ಟಿಗೆ ಪದದ ಶತ್ರುವಲ್ಲ. ಅದು ತನ್ನ ಕೆಲಸವನ್ನು ಮಾಡುತ್ತಿದ್ದರೆ ಬಾಗಿಲಿನ ಸ್ಪೀಕರಿಗೆ ಬಿಡುವು ಸಿಕ್ಕಿ ಅದು ಪದವನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಪೆಟ್ಟಿಗೆ ದೊಡ್ಡದಾಗಿದ್ದುದು ತಪ್ಪಲ್ಲ, ಗಡಿ ಮೀರಿದ್ದುದು ತಪ್ಪು. "ಅಪ್ಪಾ, ಕಿತ್ತು ಮಾರು ಅಂದದ್ದು ನನ್ನ ದುಡುಕು" ಎಂದು ಹುಡುಗನಿಗೆ ಹೇಳಿದೆ. ಅವನ ಮುಖದಲ್ಲಿ ಎಸ್.ಎಸ್.ಎಲ್.ಸಿ. ಪಾಸಾದ ದಿನದ ಕಳೆ ಮತ್ತೆ ಕಂಡಿತು.

ಇನ್ನೊಂದು ಪಾಠವನ್ನು ಅವನ ಮಗಳು ಕಲಿಸಿದಳು. ಟ್ವೀಟರಿನ ಮಟ್ಟವನ್ನು ನನ್ನ ಕಿವಿಗೆ ಹಿತವಾಗುವಂತೆ ಏರಿಸಿ, "ಈಗ ಕಂಸಾಳೆ ಸರಿಯಾಗಿ ಕೇಳುತ್ತದೆ" ಎಂದೆ. ಮಗು ಎರಡೂ ಕಿವಿ ಮುಚ್ಚಿಕೊಂಡು, "ಚುಚ್ತದ ತಾತಾ" ಎಂದಿತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ನನ್ನ ಕೊರತೆಯನ್ನು ನಾನು ಮಗುವಿನ ಕಿವಿಗೆ ತುಂಬುತ್ತಿದ್ದೆ. ಅವಳು ಸಾಕೆಂದ ಮಟ್ಟಕ್ಕೆ ಟ್ವೀಟರನ್ನು ಇಳಿಸಿದೆವು. ಕುಟುಂಬದ ಕಾರಿನಲ್ಲಿ ಟ್ವೀಟರಿನ ತೀರ್ಪುಗಾರರು ಮಕ್ಕಳಾಗಿರಬೇಕೆಂಬುದು ಅಂದಿನಿಂದ ನನ್ನ ಮತ.

ತಾಳಬೆಟ್ಟದಲ್ಲಿ ಕಾಯಿ ಒಡೆದು ಘಟ್ಟ ಹತ್ತುವಾಗ ತಂಗಿಯನ್ನು ಒಪ್ಪಿಸಿ ದೊಡ್ಡಮ್ಮನ ಪದವನ್ನು ಮತ್ತೆ ಹಾಕಿಸಿದೆ. 'ಗುಂಯ್' ಎಂಬ ನಾದ ತಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಯೋಚಿಸಿದಾಗ ಅದರ ಮೂಲ ತಿಳಿಯಿತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳನ್ನು ಪೂರೈಸುವ ಪರ್ಯಾಯ ಪ್ರವಾಹ. ಅಂದು ಕರೆಂಟಿಗೆ ಸಿಕ್ಕಿಸಿಕೊಂಡು ಧ್ವನಿಮುದ್ರಿಸಿದ್ದರಿಂದ ಆ 50 ಹರ್ಟ್ಸ್‌ನ ಗುಂಯ್‌ಗಾಟವೂ ದೊಡ್ಡಮ್ಮನ ಹಿಂದೆ ಕ್ಯಾಸೆಟ್ಟಿನಲ್ಲಿ ಕೂತುಬಿಟ್ಟಿತ್ತು. ಬಾಸ್ ಬೂಸ್ಟ್ ಸಾಮಾನ್ಯವಾಗಿ 45 ಹರ್ಟ್ಸ್ ಆಸುಪಾಸನ್ನೇ ಎತ್ತುತ್ತದೆ. ಅಂಗಡಿಯವರ ಸೆಟ್ಟಿಂಗು ಅವಳ ದನಿಯನ್ನು ಬಿಟ್ಟು ಕರೆಂಟಿನ ದನಿಯನ್ನು ಹಾಡಿಸಿತ್ತು. ಅವಳ ಕಂಠ ಆ ತಗ್ಗಿಗೆ ಇಳಿಯುವುದೇ ಇಲ್ಲ. ಆದ್ದರಿಂದ ಆ ಒಂದು ಧ್ವನಿಮುದ್ರಣಕ್ಕೆ ಮಾತ್ರ ಸಬ್‌ವೂಫರನ್ನು ಪೂರ್ತಿ ಆರಿಸಿದೆವು; ಬಾಗಿಲಿನ ಹೈ ಪಾಸನ್ನು 120ಕ್ಕೆ ಏರಿಸಿದೆವು. ಗುಂಯ್‌ಗಾಟ ಹೋಯಿತು. ಟೇಪಿನ ಸುಯ್ಲು ಉಳಿಯಿತು. ಅದರ ಮುಂದೆ ದೊಡ್ಡಮ್ಮ ನಿಂತಳು.

ಎರಡು ತಿರುವು ಕಳೆದಿರಬಹುದು. ತಂಗಿ ಮುಂದಿನ ಸೀಟನ್ನು ಹಿಡಿದುಕೊಂಡು, "ಅಣ್ಣ, ತಡಿ. ಹಿಂದಕ್ಕೆ ಹಾಕ್ಸು" ಎಂದಳು. ಮೂರು ಸಲ ಹಾಕಿಸಿದಳು. ಪದ ಹೇಳುವವರು ನಡುವೆ ಮನೆಯವರ ಹೆಸರು ಸೇರಿಸಿ ಮಾದಪ್ಪನಿಗೆ ಒಪ್ಪಿಸುವುದು ನಮ್ಮಲ್ಲಿ ರೂಢಿ. ಒಂದು ಸಾಲಿನ ಕೊನೆಯಲ್ಲಿ ಇದುವರೆಗೆ ಅಸ್ಪಷ್ಟವಾಗಿ ಕೇಳಿಸುತ್ತಿದ್ದ ಒಂದು ಪದವನ್ನು ನಾವೆಲ್ಲ ಹಾಡಿನ ಮಾಮೂಲು ಮಾತೆಂದೇ ತಿಳಿದಿದ್ದೆವು. ಅದು ನಮ್ಮ ತಾಯಿಯ ಹೆಸರು. ಹಿಂದಿನ ವರ್ಷ ತೀರಿಕೊಂಡ ತಂಗಿಯನ್ನು ದೊಡ್ಡಮ್ಮ ಅಂದು ನಮ್ಮೆದುರಿಗೇ, ಹಾಡಿನೊಳಗೇ, ಮಾದಪ್ಪನ ಪಾದಕ್ಕೆ ಒಪ್ಪಿಸಿದ್ದಳು. ಟೇಪ್ ರೆಕಾರ್ಡರಿನ ಮುಳ್ಳು ಕೆಂಪಿಗೆ ಹೋಗದಂತೆ ನೋಡಿಕೊಳ್ಳುತ್ತ ಕೂತಿದ್ದ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಬೆಟ್ಟ ತಲುಪುವವರೆಗೂ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ನನ್ನ ವಾದವನ್ನು ಮಂಡಿಸುತ್ತೇನೆ. ನಮ್ಮದು ಕಥೆ ಹಾಡುವ ಸೀಮೆ. ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಥೆ ಹೇಳುತ್ತಾರೆ, ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹೇಳುತ್ತಾರೆ. ರಾತ್ರಿಯಿಡೀ ನಡೆಯುವ ಆ ಗಾಯನದಲ್ಲಿ ವಾದ್ಯ ಇರುವುದು ಕಥೆಯನ್ನು ಹೊತ್ತುಕೊಂಡು ಹೋಗುವುದಕ್ಕೆ. ಯಳಂದೂರಿನವಳೇ ಆದ ಸಂಚಿಯ ಹೊನ್ನಮ್ಮ ತನ್ನ 'ಹದಿಬದೆಯ ಧರ್ಮ'ಕ್ಕೆ ಆರಿಸಿಕೊಂಡದ್ದು ಹಾಡಿಗೆ ಒಗ್ಗುವ ಸಾಂಗತ್ಯವನ್ನು. ಹಾಡಿನಲ್ಲಿ ಹೇಳಬೇಕಾದ ಮಾತಿತ್ತೆಂದೇ ಅವಳು ಹಾಡನ್ನು ಆರಿಸಿಕೊಂಡಳು. ಇಂಥ ಸೀಮೆಯಲ್ಲಿ ಮಾತನ್ನು ನುಂಗುವ ಶಬ್ದವ್ಯವಸ್ಥೆಗೆ ದುಡ್ಡು ಕೊಡುವುದು ಒಳ್ಳೆಯ ಎಲೆ ಹಾಕಿ ಅನ್ನ ಬಡಿಸದೆ ಬಿಟ್ಟಂತೆ.

ಮಾತು ಏಕೆ ಮುಳುಗುತ್ತದೆಂಬುದಕ್ಕೆ ವಿಜ್ಞಾನದ ಕಾರಣವೂ ಇದೆ. ಸ್ವರಾಕ್ಷರಗಳ ತೂಕ ತಗ್ಗಿನ ಭಾಗದಲ್ಲಿರುತ್ತದೆ. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ಸ, ಶ, ತ, ಟ, ಕ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ 2000 ಹರ್ಟ್ಸ್‌ನ ಮೇಲೆ, ಬಹಳ ಕಡಿಮೆ ಶಕ್ತಿಯಲ್ಲಿ ಇರುತ್ತದೆ. ಜೋರಾದ ತಗ್ಗಿನ ಸ್ವರ ತನಗಿಂತ ಮೇಲಿನ ಸ್ವರಗಳನ್ನು ಮರೆಮಾಡುತ್ತದೆ. ಮೇಲಿನ ಸ್ವರ ತಗ್ಗಿನದನ್ನು ಅಷ್ಟಾಗಿ ಮರೆಮಾಡದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರ ಆರಂಭಿಸಿದ ಕಾಲದಿಂದ ನಮ್ಮ ಬಾಲ್ಯದವರೆಗೂ ಮನೆಯ ರೇಡಿಯೋಗಳಿಗೆ ಸಾಮಾನ್ಯವಾಗಿ ಒಂದೇ ಸ್ಪೀಕರು. ಅವಕ್ಕೆ ಗುಡುಗುವ ಶಕ್ತಿಯೂ ಇರಲಿಲ್ಲ, ಮಿನುಗುವ ಶಕ್ತಿಯೂ ಇರಲಿಲ್ಲ. ಆದರೆ ಪ್ರದೇಶ ಸಮಾಚಾರದ ಒಂದು ಪದವೂ ತಪ್ಪುತ್ತಿರಲಿಲ್ಲ. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ; ಅಂದಿನ ರೇಡಿಯೋದಲ್ಲಿ ತಮಟೆ ತಗಡಿನ ಡಬ್ಬದಂತೆ ಕೇಳುತ್ತಿತ್ತು. ಹೆಚ್ಚು ಸಾಮರ್ಥ್ಯದ ಯಂತ್ರ ಕೈಗೆ ಬಂದಾಗ ಹಳೆಯ ಯಂತ್ರ ಕೊಡುತ್ತಿದ್ದುದನ್ನು ಕಳೆದುಕೊಳ್ಳಬಾರದೆಂದಷ್ಟೇ ನನ್ನ ಮಾತು.

ಎದೆಯಲ್ಲಿ ಗುದ್ದುವ ಬಾಸ್ ಇಲ್ಲದಿದ್ದರೆ ಹಾಡು ಹಾಡೇ ಅಲ್ಲವೆಂದು ಹುಡುಗರು ವಾದಿಸುತ್ತಾರೆ. ಅದರಲ್ಲಿ ಹುರುಳಿಲ್ಲವೆಂದು ನಾನು ಈಗ ಹೇಳಲಾರೆ. ಜಾತ್ರೆಯಲ್ಲಿ ತಮಟೆಯ ಪಕ್ಕ ನಿಂತವರಿಗೆ ಅದು ಎದೆಯಲ್ಲಿಯೇ ಕೇಳಿಸುತ್ತದೆ. ಆದರೆ ಕಥೆ ಶುರುವಾದಾಗ ತಮಟೆಯವರು ನಿಲ್ಲಿಸಿ ಪಕ್ಕಕ್ಕೆ ಕೂರುತ್ತಾರೆ. ಯಾರ ಸರದಿ ಯಾವುದೆಂಬ ತಿಳಿವಳಿಕೆ ಅವರಿಗಿದೆ. ಅದೇ ತಿಳಿವಳಿಕೆಯನ್ನು ಕಾರಿನ ಪೆಟ್ಟಿಗೆಗೂ ಕಲಿಸಬೇಕು.

ತಪ್ಪು ಹುಡುಗರದಷ್ಟೇ ಅಲ್ಲ. ಅಂಗಡಿಗಳಲ್ಲಿ ವ್ಯಾಟುಗಳನ್ನು ಮಾರುತ್ತಾರೆ, ಹೊಂದಿಸುವ ಕೆಲಸವನ್ನು ಮಾರುವುದಿಲ್ಲ. ತಂತಿ ಜೋಡಿಸಿ, ಗುಂಡಿಗಳನ್ನೆಲ್ಲ ತುದಿಗೆ ತಿರುಗಿಸಿ, ಒಂದು ನಿಮಿಷ ಗುಡುಗಿಸಿ ಕಳಿಸಿದರೆ ಗಿರಾಕಿ ಬೆರಗಾಗುತ್ತಾನೆ. ನಲವತ್ತು ಸಾವಿರ ಕೊಟ್ಟವರು ಇನ್ನರ್ಧ ಗಂಟೆ ಅಲ್ಲಿಯೇ ಕೂತು, ತಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು ಹಾಕಿಸಿ, ಗಡಿಗಳನ್ನು ತಮ್ಮೆದುರಿಗೇ ಹೊಂದಿಸಿಕೊಡಿ ಎಂದು ಕೇಳಬೇಕು. ಹೊಲಿಸಿದ ಅಂಗಿಯನ್ನು ತೊಟ್ಟು ನೋಡದೆ ದರ್ಜಿಗೆ ದುಡ್ಡು ಕೊಡುವವರುಂಟೇ?

ಕಿವಿಯ ಆರೋಗ್ಯವೂ ಇದರಲ್ಲಿ ಅಡಗಿದೆ. ಪದ ಕೇಳಿಸದಿದ್ದಾಗ ಎಲ್ಲರೂ ಮಾಡುವುದು ದನಿ ಏರಿಸುವುದನ್ನು. ಕಾರ್ಖಾನೆಗಳ ಕೆಲಸಗಾರರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದು ಹಾಕಿಕೊಟ್ಟ ಮಿತಿಯಂತೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು ಹದಿನೈದು ನಿಮಿಷ. ಹೊಂದಿಸಿದ ವ್ಯವಸ್ಥೆಯಲ್ಲಿ ಕಡಿಮೆ ದನಿಯಲ್ಲಿಯೇ ಪದ ಕೇಳಿಸುತ್ತದೆ. ಅಂದು ಹಿಂದಿರುಗುವಾಗ ಹುಡುಗ ದನಿಯ ಮಟ್ಟವನ್ನು ಹೋಗುವಾಗ ಇದ್ದ 28ರಿಂದ 17ಕ್ಕೆ ತಾನಾಗಿಯೇ ಇಳಿಸಿದ್ದ. ನಾನು ಹೇಳಿರಲಿಲ್ಲ.

ಕೊನೆಯದಾಗಿ, ಕಾರಿನ ಗಾಜಿನ ಆಚೆಗೂ ಕಿವಿಗಳಿವೆ. ತಗ್ಗಿನ ಸ್ವರಗಳನ್ನು ಗಾಳಿಯೂ ಎಲೆಯೂ ಹೆಚ್ಚು ಹೀರುವುದಿಲ್ಲ, ಅವು ಬಹುದೂರ ಸಾಗುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಸೋಲಿಗರ ಪೋಡುಗಳಿವೆ, ಕಡವೆ, ಕಾಟಿ, ಆನೆಗಳಿವೆ. ಭಾನುವಾರ ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ಕಾರುಗಳು ಗಾಜಿಳಿಸಿಕೊಂಡು ಗುಡುಗುತ್ತ ಹೋಗುವುದನ್ನು ಕಂಡಾಗ, ಇವರು ಕಾಡನ್ನು ನೋಡಲು ಹೋಗುತ್ತಿದ್ದಾರೋ ಕಾಡಿಗೆ ತಮ್ಮನ್ನು ತೋರಿಸಲು ಹೋಗುತ್ತಿದ್ದಾರೋ ಎಂಬ ಸಂಶಯ ಬರುತ್ತದೆ. ಕಾಡಿನ ರಸ್ತೆಯಲ್ಲಿ ಯಾವ ಕ್ರಾಸ್‌ಓವರೂ ಬೇಡ, ಗುಂಡಿಯನ್ನು ಆರಿಸುವುದೇ ಸರಿಯಾದ ಹೊಂದಾಣಿಕೆ.

ನನ್ನ ವಿದ್ಯಾರ್ಥಿಗಳಲ್ಲಿ ಕಾರಿರುವವರು ಒಂದು ಭಾನುವಾರ ಹೀಗೆ ಮಾಡಿ ನೋಡಿ. ಬೂಸ್ಟನ್ನು ಸೊನ್ನೆಗೆ ಇಳಿಸಿ. ಬಾಗಿಲಿಗೆ ಹೈ ಪಾಸ್, ಪೆಟ್ಟಿಗೆಗೆ ಲೋ ಪಾಸ್, ಎರಡೂ 80ರಲ್ಲಿ ಆರಂಭವಾಗಲಿ. ಬಾಗಿಲು ಕರಕರ ಎಂದರೆ 100ಕ್ಕೆ ಏರಿಸಿ. ಪೆಟ್ಟಿಗೆಯಿಂದ ಮಾತು ಕೇಳಿಬಂದರೆ ಅದರ ಗಡಿಯನ್ನು ಇಳಿಸಿ. ಫೇಸ್ ಸ್ವಿಚ್ಚನ್ನು ಎರಡೂ ಕಡೆಗೆ ಹಾಕಿ ಕೇಳಿ, ತಮಟೆ ತುಂಬಿ ಬರುವ ಕಡೆಗೆ ಬಿಡಿ. ಗಾಡಿ ನಿಂತಿರುವಾಗಲೇ ಇದೆಲ್ಲವನ್ನೂ ಮಾಡಿ. ಆಮೇಲೆ ಮನೆಯ ಹಿರಿಯರೊಬ್ಬರನ್ನೂ ಮಗುವೊಂದನ್ನೂ ಒಳಗೆ ಕೂರಿಸಿ ಕೇಳಿಸಿ, ಅವರು ಒಪ್ಪಿದರೆ ಅದೇ ಸರಿ.

ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಇನ್ನೂ ಕ್ಯಾಸೆಟ್ಟುಗಳಿದ್ದರೆ, ಕೇಳಿಸುವುದಿಲ್ಲವೆಂದು ಎಸೆಯಬೇಡಿ. ನನಗೆ ತಂದುಕೊಡಿ, ಇಲ್ಲವೇ ಬರುವಾಗ ಕಾರಿನಲ್ಲಿ ಹಾಕಿಕೊಂಡು ಬನ್ನಿ. ಬಳೆಮಂಟಪದ ಬಳಿ ಮರದ ನೆರಳಿನಲ್ಲಿ ನಿಲ್ಲಿಸಿ, ಅದರೊಳಗೆ ಯಾರ ಯಾರ ಹೆಸರಿದೆಯೆಂದು ಕೂತು ಕೇಳೋಣ.